ಈ ಆಟ ಮುಗಿಯುವುದೆಂದು?

ಕಳೆದ ಬೇಸಗೆಯಲ್ಲಿ ನಾವು ಬೀದರಿನ ಬದಿಯ ಕೊಳಾರದಲ್ಲಿ ನಮ್ಮ ಆಪ್ತರೊಬ್ಬರ ಮನೆಯಲ್ಲಿ ನಾಲ್ಕು ದಿನ ಇಳಿದುಕೊಂಡಿದ್ದೆವು. ಮನೆಯ ಯಜಮಾನರು ಅಲ್ಲಿಯ ಕೈಗಾರಿಕಾ ಪ್ರದೇಶದಲ್ಲಿ ಉದ್ಯೋಗಸ್ಥರು. ಹದಿನೈದು ವರುಷದ ಮಗನು ರಜೆಯ ವೇಳೆಯನ್ನೆಲ್ಲ ಗಣಕಯಂತ್ರದ ಮುಂದೆ ಒಂದೇ ಆಟದಲ್ಲಿ ಕಳೆಯುತ್ತಿದ್ದನು. ಒಂದು ರಾತ್ರಿ ಮೂರು ಸಲ ಊಟಕ್ಕೆ ಕರೆದರೂ ಆತನು ಏಳಲಿಲ್ಲ. ತಂದೆಯವರು ಸಿಟ್ಟಿನಿಂದ ವಿದ್ಯುತ್ತಿನ ತಂತಿಯನ್ನೇ ಕಿತ್ತರು. ಅರ್ಧ ತಾಸಿನ ಹೋರಾಟವು ಕ್ಷಣಮಾತ್ರದಲ್ಲಿ ಮಾಯವಾಯಿತು. ಆ ರಾತ್ರಿ ಹುಡುಗನೂ ಉಣ್ಣಲಿಲ್ಲ, ತಾಯಿಯೂ ಉಣ್ಣಲಿಲ್ಲ.

ಮರುದಿನ ಅಜ್ಜನವರು ಮೊಮ್ಮಗನನ್ನು ಬಳಿಗೆ ಕರೆದು, “ತಮ್ಮಾ, ನಿನ್ನ ಈ ಆಟ ಯಾವಾಗ ಮುಗಿತದೋ?” ಎಂದು ಕೇಳಿದರು.

“ಮುತ್ಯಾ, ಇನ್ನಾ ಅರ್ಧಾ ಕತಿ ಆಗಿಲ್ರಿ,” ಎಂದನು ಹುಡುಗ.

ಈ ಪ್ರಶ್ನೆಯು ಇಂದು ಅನೇಕ ಮನೆಗಳಲ್ಲಿ ಏಳುತ್ತಿರುವುದರಿಂದ ವಾಚಕರ ಮುಂದೆ ಕೆಲವು ಸಂಗತಿಗಳನ್ನು ಇಡುವುದು ಉಚಿತವೆಂದು ನಮಗೆ ತೋರಿತು.

ಇಂಥ ಆಟದಲ್ಲಿ ಆಡುವವನು ಕಲ್ಪಿತ ಲೋಕವೊಂದರ ವೀರನ ಪಾತ್ರವನ್ನು ಧರಿಸಿ, ರಾಕ್ಷಸರೊಡನೆ ಕಾದಾಡಿ, ಅನುಭವದ ಅಂಕಗಳನ್ನು ಗಳಿಸಿ, ಹಂತಹಂತವಾಗಿ ಬಲಶಾಲಿಯಾಗುತ್ತ ಹೋಗುವನು. ಇದರ ಮೂಲವು 1974ರಲ್ಲಿ ಅಮೇರಿಕೆಯಲ್ಲಿ ಗ್ಯಾರಿ ಗೈಗ್ಯಾಕ್ಸ್ ಹಾಗೂ ಡೇವ್ ಆರ್ನೆಸನ್ ಎಂಬವರು ಪ್ರಕಟಿಸಿದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟದಲ್ಲಿದೆ. ಅದನ್ನು ಕಾಗದ, ಸೀಸಕಡ್ಡಿ, ದಾಳಗಳಿಂದ ಆಡುತ್ತಿದ್ದರು. 1986ರಲ್ಲಿ ಜಪಾನಿನಲ್ಲಿ ‘ಡ್ರ್ಯಾಗನ್ ಕ್ವೆಸ್ಟ್’ ಹೊರಟಿತು. ಒಂದೇ ಕೂಡ್ರಿಕೆಯಲ್ಲಿ ಮುಗಿಯದಷ್ಟು ದೊಡ್ಡದಾದ ಆ ಆಟವನ್ನು ಮುಂದುವರಿಸಬೇಕಾದರೆ ಉದ್ದನೆಯ ಗುಪ್ತಾಕ್ಷರಗಳ ಸಾಲೊಂದನ್ನು ಬರೆದಿಟ್ಟುಕೊಳ್ಳಬೇಕಾಗಿತ್ತು. ಒಂದು ಅಕ್ಷರ ತಪ್ಪಿದರೂ ಪಟ್ಟ ಶ್ರಮವೆಲ್ಲ ವ್ಯರ್ಥ! ನಮ್ಮ ಹುಡುಗನು ಆಡುತ್ತಿದ್ದುದು ಅದೇ ವಂಶದ, 2017ರಲ್ಲಿ ಹೊರಟ ಹನ್ನೊಂದನೆಯ ಆಟ.

ಇನ್ನು ಕಾಲದ ಲೆಕ್ಕ. ಆಟಗಾರರ ಅನುಭವದಂತೆ ಈ ಹನ್ನೊಂದನೆಯ ಆಟದ ಮುಖ್ಯ ಕಥೆಗೆ ಸುಮಾರು 60 ತಾಸು ಬೇಕು. ಉಳಿದುದೆಲ್ಲವನ್ನೂ ಸಾಧಿಸಹೊರಟರೆ ನೂರು ತಾಸಿಗೂ ಮೀರುವುದು. 2015ರಲ್ಲಿ ಪೋಲೆಂಡಿನಿಂದ ಬಂದ ‘ವಿಚರ್ 3’ಕ್ಕೆ ಸುಮಾರು 50 ತಾಸು, ಎಲ್ಲವನ್ನೂ ಮುಗಿಸಲು 170 ತಾಸಿನ ಆಸುಪಾಸು. 2011ರ ‘ಸ್ಕೈರಿಮ್’ದ ಮುಖ್ಯ ಕಥೆ 30 ತಾಸಿನದಾದರೂ ಅದರ ಊರುಕೇರಿ, ಗವಿ, ಬೆಟ್ಟಗಳನ್ನೆಲ್ಲ ಸುತ್ತುವವನಿಗೆ 200 ತಾಸೂ ಸಾಲವು. ಇವಕ್ಕೆ ಹೋಲಿಸಿದರೆ ನಮ್ಮ ನೆರೆಯ ಪುಣೆಯಲ್ಲಿ ಸಿದ್ಧವಾಗಿ 2020ರಲ್ಲಿ ಬಂದ ‘ರಾಜಿ’ ಎಂಬ ಸಾಹಸದ ಆಟವು ಐದಾರು ತಾಸಿನಲ್ಲಿಯೇ ಮುಗಿಯುವುದು.

ಇಷ್ಟು ಅಂತರವೇಕೆ? ಮುಖ್ಯ ಕಥೆಯ ಹಾದಿಯಲ್ಲಿ ನೂರಾರು ಉಪಕಥೆಗಳಿರುವವು. ಒಬ್ಬ ರೈತನ ಕಳೆದುಹೋದ ಪಶು, ಒಬ್ಬ ವಿಧವೆಯ ಮೊರೆ, ಹೂತಿಟ್ಟ ನಿಧಿ. ಒಂದೊಂದೂ ಅರ್ಧ ತಾಸು, ಒಂದು ತಾಸು ನುಂಗುವುದು. ಅಲ್ಲದೆ ಬಲ ಸಾಲದ ವೀರನು ಅದೇ ಬಯಲಿನಲ್ಲಿ ಮತ್ತೆ ಮತ್ತೆ ಕಾದಾಡಿ ಬಲ ಕೂಡಿಸಿಕೊಳ್ಳಬೇಕು. ಕಾದಾಟದ ನಡುವೆ ಆಟವನ್ನು ಕಾಯ್ದಿಡಲು ಸಾಮಾನ್ಯವಾಗಿ ಎಡೆಯಿರದು. ಊಟಕ್ಕೆ ಕರೆದೊಡನೆ ಹುಡುಗನು ಏಳದಿದ್ದುದಕ್ಕೆ ಉದ್ಧಟತನವೊಂದೇ ಕಾರಣವಲ್ಲವೆಂಬುದನ್ನು ತಂದೆತಾಯಿಗಳು ಅರಿಯತಕ್ಕುದು.

ಅಜ್ಜನವರು ಈ ಲೆಕ್ಕವನ್ನೆಲ್ಲ ಕೇಳಿ ನಕ್ಕರು. ಶ್ರಾವಣದಲ್ಲಿ ನಮ್ಮ ಸೀಮೆಯ ಮಠ, ಗುಡಿಗಳಲ್ಲಿ ಪುರಾಣ ಹಚ್ಚುವರಷ್ಟೆ. ರಾತ್ರಿಗೆ ಎರಡು ತಾಸಿನಂತೆ ಹಿಡಿದರೆ ತಿಂಗಳಿಗೆ 60 ತಾಸಾಯಿತು! “ಅರವತ್ತು ತಾಸ ನಾನೂ ಕುಂದರತೀನಿ. ಆದರ ಅಯ್ನೋರು ದಿನಾ ವ್ಯಾಳ್ಯಾಕ್ಕ ಪುಸ್ತಕ ಮುಚ್ಚತಾರ,” ಎಂದರು. ಈ ಮಾತಿನಲ್ಲಿ ಎಲ್ಲವೂ ಅಡಗಿದೆ. ದೀರ್ಘವಾದ ಕಥೆಯು ದೋಷವಲ್ಲ. ದಿನದಿನದ ಮುಕ್ತಾಯವಿಲ್ಲದಿರುವುದೇ ದೋಷ.

ಅಂದೇ ಕರಾರಾಯಿತು. ದಿನಕ್ಕೆ ಒಂದೂವರೆ ತಾಸು ಆಟ. ಊಟಕ್ಕೆ ಕಾಲು ತಾಸು ಮುಂಚೆ ತಾಯಿ ಎಚ್ಚರಿಸತಕ್ಕದ್ದು. ಹುಡುಗನು ಆಗಲೇ ಹೊಸ ಕಾದಾಟಕ್ಕೆ ಇಳಿಯದೆ ಆಟವನ್ನು ಕಾಯ್ದಿಟ್ಟು ಏಳತಕ್ಕದ್ದು. ತಂದೆಯವರು ತಂತಿಯನ್ನು ಮುಟ್ಟಕೂಡದು. ಶಾಲೆ ತೆರೆಯುವುದರೊಳಗಾಗಿ ಕಥೆ ಮುಗಿಯಬೇಕು.

ನಾವು ಊರಿಗೆ ಮರಳಿದ ತರುವಾಯ ನಡೆದುದನ್ನು ಯಜಮಾನರು ತಿಳಿಸಿದರು. ಕಡೆಗೊಂದು ದಿನ ಕಥೆ ಮುಗಿದು, ಆಟವನ್ನು ರಚಿಸಿದವರ ಹೆಸರುಗಳ ಪಟ್ಟಿಯೂ ಪರದೆಯ ಮೇಲೆ ಹಾಯ್ದುಹೋಯಿತು. ಮನೆಯವರು ನಿಟ್ಟುಸಿರುಬಿಟ್ಟರು. ಆದರೆ ಆ ಆಟದಲ್ಲಿ ಮುಕ್ತಾಯದ ಅನಂತರವೂ ದೊಡ್ಡದೊಂದು ಭಾಗವಿದೆ! “ಮಂಗಲ ಆದ ಮ್ಯಾಲೂ ಪುರಾಣ ನಡಸ್ತಾರೇನೋ?” ಎಂದು ಅಜ್ಜನವರು ಕೇಳಿದರಂತೆ. ಹುಡುಗನು ತುಸು ಹೊತ್ತು ಸುಮ್ಮನಿದ್ದು, “ಉಳಿದದ್ದು ದೀಪಾವಳಿ ರಜಾಕ್ಕ ಇಡ್ತೀನ್ರಿ ಮುತ್ಯಾ,” ಎಂದು ಯಂತ್ರವನ್ನು ತಾನೇ ನಿಲ್ಲಿಸಿದನು.

ಆದಕಾರಣ ಆಟವನ್ನು ಕೊಳ್ಳುವ ಮೊದಲೇ ಅದು ಎಷ್ಟು ತಾಸಿನದು, ಯಾವ ವಯಸ್ಸಿನವರಿಗೆ ತಕ್ಕದ್ದು ಎಂಬೆರಡನ್ನು ವಿಚಾರಿಸಿರಿ. ದಿನಕ್ಕೊಂದು ತಾಸಿನಂತೆ 50 ತಾಸಿನ ಆಟವು 50 ದಿನದ ಪಾಲು. 170 ತಾಸಿನದು ಐದೂವರೆ ತಿಂಗಳ ಪಾಲು. ಕೊನೆಯಿರುವ ಕಥೆಗೂ, ಕೊನೆಯೇ ಇಲ್ಲದೆ ಹಣವನ್ನು ಪಣಕ್ಕಿಡಿಸುವ ಆಟಕ್ಕೂ ಭೇದವನ್ನು ಅರಿಯಿರಿ. ಹಣದ ಆನ್‌ಲೈನ್ ಆಟಗಳನ್ನು 2025ರಲ್ಲಿ ಭಾರತದ ಸಂಸತ್ತು ಕಾಯಿದೆಯಿಂದ ನಿಷೇಧಿಸಿತು. ನಿದ್ದೆ, ಊಟ, ಅಭ್ಯಾಸಗಳನ್ನು ಮರೆತು ಬಹುಕಾಲ ಆಟಕ್ಕೇ ವಶರಾದವರ ಸ್ಥಿತಿಯನ್ನು ವಿಶ್ವ ಆರೋಗ್ಯ ಸಂಸ್ಥೆಯು ರೋಗಗಳ ಪಟ್ಟಿಯಲ್ಲಿ ಸೇರಿಸಿದೆ; ಅಂಥಲ್ಲಿ ವೈದ್ಯರ ಸಲಹೆಯೇ ದಾರಿ.

ಉಳಿದೆಡೆ ತಂತಿ ಕೀಳುವುದಕ್ಕಿಂತ, ಮಗನ ಬದಿಯಲ್ಲಿ ಕುಳಿತು “ಕಥೆ ಎಲ್ಲಿಗೆ ಬಂತು?” ಎಂದು ಕೇಳುವುದು ಲೇಸು. ಕಥೆಯನ್ನು ಹೇಳಲು ಬರುವವನಿಗೆ ನಿಲ್ಲಿಸಲೂ ಬರುವುದು.