ಕುರಿಮರಿ ಹಾರದ ಪಲ್ಲಕ್ಕಿ

ಮಕರ ಸಂಕ್ರಾಂತಿಯ ದಿನ ಯಾದಗಿರಿ ತಾಲ್ಲೂಕಿನ ಮೈಲಾಪುರದಲ್ಲಿ ಮನುಷ್ಯರೆಲ್ಲ ಒಂದೇ ಬಣ್ಣದವರು. ತಲೆ, ಹೆಗಲು, ಕಂಬಳಿ, ಗುಡ್ಡದ ಬಂಡೆ, ಬಂದು ನಿಂತ ಬಸ್ಸು ಎಲ್ಲದರ ಮೇಲೂ ಭಂಡಾರದ ಹಳದಿ. ಗವಿಯ ಗುಡಿಯಿಂದ ಹೊರಟ ಮಲ್ಲಯ್ಯನ ಪಲ್ಲಕ್ಕಿ ಗಂಗಾಸ್ನಾನಕ್ಕೆಂದು ಹೊನ್ನಕೆರೆಯ ದಾರಿ ಹಿಡಿಯುತ್ತದೆ. ‘ಏಳು ಕೋಟಿಗೋ’ ಎಂಬ ಕೂಗು ಗುಡ್ಡಕ್ಕೆ ಬಡಿದು ಮರಳುತ್ತದೆ. ಕಲ್ಯಾಣ ಕರ್ನಾಟಕದವರಷ್ಟೇ ಅಲ್ಲ, ತೆಲಂಗಾಣ, ಆಂಧ್ರ, ಮಹಾರಾಷ್ಟ್ರದಿಂದ ಬಂದವರೂ ಆ ಕೂಗಿಗೆ ದನಿಗೂಡಿಸುತ್ತಾರೆ.

ಹಿಂದೆ ಈ ದಾರಿಯಲ್ಲಿ ಭಂಡಾರದ ಜೊತೆಗೆ ಇನ್ನೊಂದು ವಸ್ತುವೂ ಗಾಳಿಯಲ್ಲಿ ಹಾರುತ್ತಿತ್ತು. ಅದು ಜೀವವಿದ್ದ ಕುರಿಮರಿ. ಪಲ್ಲಕ್ಕಿ ಹತ್ತಿರ ಬಂದೊಡನೆ ಹರಕೆ ಹೊತ್ತವರು ಗುಂಪಿನ ತಲೆಗಳ ಮೇಲಿಂದ ಮರಿಯನ್ನು ಅದರತ್ತ ಎಸೆಯುತ್ತಿದ್ದರು. ಕೆಲವು ಪಲ್ಲಕ್ಕಿಗೆ ತಗುಲುತ್ತಿದ್ದವು, ಕೆಲವು ಯಾರದೋ ತೋಳಿಗೆ ಸಿಗುತ್ತಿದ್ದವು, ಉಳಿದವು ನೆಲಕ್ಕೆ ಬೀಳುತ್ತಿದ್ದವು. ಸಾವಿರಾರು ಕಾಲುಗಳು ಒತ್ತರಿಸುತ್ತಿದ್ದ ಆ ನೆಲದಲ್ಲಿ ಬಿದ್ದ ಮರಿಯ ಗತಿ ಏನಾಗುತ್ತಿತ್ತೆಂದು ಬಿಡಿಸಿ ಹೇಳಬೇಕಾಗಿಲ್ಲ.

ಎಸೆಯುತ್ತಿದ್ದವರು ಕ್ರೂರಿಗಳೇನೂ ಆಗಿರಲಿಲ್ಲ. ಮೈಲಾರ ಕುರಿಗಾಹಿಗಳ ದೈವ. ಮಣಿ, ಮಲ್ಲ ಎಂಬ ದಾನವರನ್ನು ಕೊಲ್ಲಲು ಶಿವ ಏಳು ಕೋಟಿ ದಂಡು ಕಟ್ಟಿಕೊಂಡು ಬಂದ ಎಂಬುದು ಕತೆ; ಜಾತ್ರೆಯ ಕೂಗಿನಲ್ಲಿರುವ ಏಳು ಕೋಟಿಯೂ ಅದೇ. ಹಿಂಡಿಗೆ ರೋಗ ಬರಬಾರದು, ತೋಳದ ಕಣ್ಣು ಬೀಳಬಾರದು, ಈಯುವ ಕುರಿ ಸುಸೂತ್ರವಾಗಿ ಈಯಬೇಕು. ಇದಕ್ಕಾಗಿ ಹಿಂಡಿನ ಒಂದು ಮರಿ ಮಲ್ಲಯ್ಯನದು. ವರ್ಷವಿಡೀ ಹೆಗಲ ಮೇಲೆ ಹೊತ್ತು, ಮಳೆ ಬಂದರೆ ತನ್ನ ಕಂಬಳಿಯೊಳಗೆ ಸೇರಿಸಿಕೊಂಡು ಸಾಕಿದವನೇ ಅದನ್ನು ಎಸೆಯುತ್ತಿದ್ದ. ತನ್ನಲ್ಲಿರುವ ಬೆಲೆಯುಳ್ಳದ್ದನ್ನು ಕೊಡುತ್ತಿದ್ದೇನೆ ಎಂಬುದೇ ಅವನ ಲೆಕ್ಕ. ಮರಿಯ ಲೆಕ್ಕ ಕೇಳಿದವರು ಯಾರೂ ಇರಲಿಲ್ಲ.

ಕೇಳುವ ಕಾಲ ಬಂತು. 2010ರಲ್ಲಿ ಗುಲಬರ್ಗಾದಿಂದ ಬೇರ್ಪಟ್ಟು ಯಾದಗಿರಿ ಹೊಸ ಜಿಲ್ಲೆಯಾಯಿತು. ಆಮೇಲಿನ ವರ್ಷಗಳಲ್ಲಿ ಕುರಿಮರಿ ಎಸೆಯುವುದಕ್ಕೆ ಜಿಲ್ಲಾಡಳಿತದ ನಿಷೇಧ ಬಿಗಿಯಾಯಿತು. ಸಂಕ್ರಾಂತಿ ಸಮೀಪಿಸಿದಂತೆ ಮೈಲಾಪುರ ಸೇರುವ ದಾರಿಗಳಲ್ಲಿ ತಪಾಸಣಾ ಠಾಣೆಗಳು ಏಳತೊಡಗಿದವು. ಟ್ರ್ಯಾಕ್ಟರು, ಟೆಂಪೊ, ಎತ್ತಿನ ಗಾಡಿ ನಿಲ್ಲಿಸಿ ಮರಿ ಹುಡುಕುವುದು ಪೊಲೀಸರ ಹಬ್ಬದ ಕೆಲಸವಾಯಿತು. ವಶಕ್ಕೆ ತೆಗೆದುಕೊಂಡ ಮರಿಗಳು ಹರಾಜಾದದ್ದೂ ಉಂಟು. ಪ್ರಾಣಿಗಳಿಗೆ ಹಿಂಸೆ ಮಾಡಬಾರದೆಂಬ ಕಾನೂನು 1960ರಿಂದಲೇ ಇದೆ. ಪ್ರಾಣಿಬಲಿ ತಡೆಯುವ ರಾಜ್ಯದ ಕಾನೂನು ಅದಕ್ಕಿಂತ ಒಂದು ವರ್ಷ ಹಿರಿಯದು. ಅವು ಮೈಲಾಪುರದ ದಾರಿಗೆ ಬರಲು ಮಾತ್ರ ಇಷ್ಟು ಕಾಲ ಬೇಕಾಯಿತು.

ಜನ ಹೇಗೆ ತೆಗೆದುಕೊಂಡರು? ಮೊದಲು ತೆಗೆದುಕೊಳ್ಳಲೇ ಇಲ್ಲ. ಕಂಬಳಿಯೊಳಗೆ ಮರಿ ಅವಿತಿಟ್ಟು ತಂದವರಿದ್ದರು. ಹೆದ್ದಾರಿ ಬಿಟ್ಟು ಹೊಲದ ಬದು ಹಿಡಿದು ನಡೆದವರಿದ್ದರು. ಇಷ್ಟೆಲ್ಲ ಕಾವಲಿನ ನಡುವೆಯೂ ಪಲ್ಲಕ್ಕಿಯ ಮೇಲೆ ಒಂದೆರಡು ಮರಿ ಹಾರಿದವು, ಮರುದಿನದ ಪತ್ರಿಕೆಗಳಲ್ಲಿ ಅದೇ ಸುದ್ದಿಯಾಯಿತು. ಇದು ಬಲಿಯಲ್ಲ, ಕತ್ತಿ ಹಿಡಿದಿಲ್ಲ, ರಕ್ತ ಚೆಲ್ಲಿಲ್ಲ, ಬರೀ ಹರಕೆ ಎಂಬ ವಾದವೂ ಸುಲಭವಾಗಿ ತಳ್ಳಿಹಾಕುವಂಥದ್ದಲ್ಲ. ದೇವರಿಗೆಂದು ತಂದ ಮರಿ ಸರ್ಕಾರದ ಹರಾಜಿನಲ್ಲಿ ಯಾರದೋ ಪಾಲಾದರೆ ಹರಕೆ ತೀರಿತೋ ಇಲ್ಲವೋ? ಈ ಪ್ರಶ್ನೆಗೆ ಉತ್ತರ ಯಾವ ಸುತ್ತೋಲೆಯಲ್ಲೂ ಸಿಗಲಾರದು.

ಉತ್ತರ ಜನರೇ ಕಂಡುಕೊಂಡರು. ಮರಿಯ ಬದಲು ಕುರಿಯ ಉಣ್ಣೆಯನ್ನು ಪಲ್ಲಕ್ಕಿಗೆ ಎಸೆಯತೊಡಗಿದರು. ಹೊಲ ಉಳುವವರು ಜೋಳದ ದಂಟು ತಂದರು. ಹಿಂಡಿನದು ಹಿಂಡಿನಿಂದ, ಬೆಳೆಯದು ಬೆಳೆಯಿಂದ. ಉಣ್ಣೆ ಮೈಲಾರ ಭಕ್ತರಿಗೆ ಹೊಸತೇನಲ್ಲ. ಕರಿಕಂಬಳಿ ಗೊರವಯ್ಯನ ಉಡುಪು, ಗದ್ದುಗೆಯ ಹಾಸು. ಅಧಿಕಾರಿಯೊಬ್ಬರು ಕಚೇರಿಯಲ್ಲಿ ಕುಳಿತು ಇಂಥ ಪರ್ಯಾಯ ಹುಡುಕಿದ್ದರೆ ಜನ ನಕ್ಕುಬಿಡುತ್ತಿದ್ದರು. ತಾವೇ ಹುಡುಕಿಕೊಂಡದ್ದರಿಂದ ಅದು ನಿಂತಿತು.

ಇಲ್ಲಿ ಒಂದು ಭೇದವನ್ನು ಗಮನಿಸಬೇಕು. ಮರಿ ಎಸೆಯುತ್ತಿದ್ದವರು ಸಾವಿರಾರು, ನೋಡುತ್ತಿದ್ದವರು ಅವರ ಹತ್ತಾರು ಪಟ್ಟು. ಹರಕೆಯವನ ದುಃಖ ಒಂದು ಬಗೆ, ನೋಟದವನ ಬೇಸರ ಇನ್ನೊಂದು ಬಗೆ. ‘ಈಗೇನೈತಿ ಜಾತ್ರಿ, ಆಗ ನೋಡಬೇಕಿತ್ತು’ ಎಂಬ ಮಾತು ಹೆಚ್ಚಾಗಿ ಎರಡನೆಯವರ ಬಾಯಿಯದು. ದೇವರ ಉತ್ಸವದಲ್ಲಿ ನೋಟದ ಮಾತೇ ಎಂದು ಹುಬ್ಬೇರಿಸಬಹುದು. ಆದರೆ ಜಾತ್ರೆ ಎಂದೂ ಬರೀ ಪೂಜೆಯಾಗಿರಲಿಲ್ಲ. ಬೆಂಡು ಬತ್ತಾಸು, ಬಳೆ ಅಂಗಡಿ, ತಿರುಗುವ ತೊಟ್ಟಿಲು, ಸಾವಿನ ಬಾವಿಯ ಮೋಟಾರು ಸೈಕಲ್ಲು, ನಾಟಕದ ತಗಡಿನ ಥಿಯೇಟರು ಇವೆಲ್ಲ ಸೇರಿದರೇ ಜಾತ್ರೆ. ಭಕ್ತ ಯಾವಾಗ ಪ್ರೇಕ್ಷಕನಾಗುತ್ತಾನೆ, ಪ್ರೇಕ್ಷಕ ಯಾವಾಗ ಭಕ್ತನಾಗುತ್ತಾನೆ ಎಂಬ ಗೆರೆ ನಮ್ಮಲ್ಲಿ ಎಂದೂ ಗಟ್ಟಿಯಾಗಿರಲಿಲ್ಲ. ಸಿನಿಮಾ ನೋಡಲು ಬಂದವರನ್ನು ‘ಅಭಿಮಾನಿ ದೇವರುಗಳು’ ಎಂದು ಕರೆದ ರಾಜಕುಮಾರ್ ಆ ಗೆರೆಯನ್ನು ಇನ್ನೊಂದು ಕಡೆಯಿಂದ ಅಳಿಸಿದರು.

ಪ್ರೀತಿಯ ನೋಟವೊಂದು ಬದಲಾದಾಗ ಹೀಗೆ ಬೇಸರಪಡುವವರು ಯಾದಗಿರಿಯವರು ಮಾತ್ರವಲ್ಲ. ಮೈಸೂರಿನ ಹಿರಿಯರಿಗೆ ಇದು ಗೊತ್ತು. 1970ರ ದಶಕ ಆರಂಭವಾಗುವ ಹೊತ್ತಿಗೆ ಅರಸರ ಮಾನ್ಯತೆ, ರಾಜಧನ ಹೋದವು. ಚಿನ್ನದ ಅಂಬಾರಿಯಲ್ಲಿ ಜಯಚಾಮರಾಜೇಂದ್ರ ಒಡೆಯರು ಕೂರುವುದೂ ನಿಂತಿತು. ಆ ಜಾಗಕ್ಕೆ ಚಾಮುಂಡೇಶ್ವರಿ ಬಂದಳು. ದೊರೆಯನ್ನು ನೋಡಿ ಕೈಮುಗಿಯುತ್ತಿದ್ದವರಿಗೆ ಅದೊಂದು ಖಾಲಿ ಅಂಬಾರಿಯಂತೆಯೇ ಕಂಡಿರಬೇಕು. ಆದರೆ 750 ಕಿಲೋ ತೂಕದ ಅದೇ ಅಂಬಾರಿ, ಆನೆಯ ಅದೇ ನಡಿಗೆ, ಬನ್ನಿಮಂಟಪದ ಅದೇ ದಾರಿ ಉಳಿದವು. ಮುಂದಿನ ತಲೆಮಾರು ಅಂಬಾರಿಯಲ್ಲಿ ಯಾರಿದ್ದಾರೆಂಬುದಕ್ಕಿಂತ ಹೊತ್ತವರು ಯಾರೆಂದು ವಾದಿಸತೊಡಗಿತು. ದ್ರೋಣ, ಬಲರಾಮ, ಅರ್ಜುನ, ಅಭಿಮನ್ಯು ಎಂದು ಆನೆಗಳ ಹೆಸರೇ ಮನೆಮಾತಾಯಿತು. ಅರ್ಜುನ 2023ರ ಡಿಸೆಂಬರಿನಲ್ಲಿ ಕಾಡಾನೆಯೊಡನೆ ಸೆಣಸಿ ಸತ್ತಾಗ ನಾಡು ಅತ್ತದ್ದು ರಾಜಮನೆತನದ ದುಃಖಕ್ಕೆ ಅಳುವಂತೆಯೇ ಇತ್ತು.

ಸಮುದ್ರದಾಚೆಯ ಒಂದು ಜಾತ್ರೆಯನ್ನೂ ನೋಡಬಹುದು. ಅಮೆರಿಕದಲ್ಲಿ ವಾಲ್ಟ್ ಡಿಸ್ನಿ 1955ರಲ್ಲಿ ತೆರೆದ ಡಿಸ್ನಿಲ್ಯಾಂಡ್ ಎಂಬ ವಿನೋದದ ಊರು ಮತ್ತು 1971ರಲ್ಲಿ ಫ್ಲಾರಿಡಾದಲ್ಲಿ ತೆರೆದ ಅದರ ದೊಡ್ಡ ತಮ್ಮ, ಕಾಯಂ ಜಾತ್ರೆಗಳೇ. ತನ್ನ ಊರು ಎಂದೂ ಪೂರ್ಣವಾಗದೆ ಬೆಳೆಯುತ್ತಲೇ ಇರಬೇಕೆಂಬುದು ಡಿಸ್ನಿಯ ನಿಲುವು. ಅಲ್ಲಿಗೆ ಬರುವವರ ನಿಲುವು ಅದಕ್ಕೆ ತದ್ವಿರುದ್ಧ: ಅಪ್ಪನ ಕೈಹಿಡಿದು ಬಾಲ್ಯದಲ್ಲಿ ಕೂತ ಬಂಡಿಯಲ್ಲೇ ಮಗನನ್ನೂ ಕೂರಿಸಬೇಕು.

ಫ್ಲಾರಿಡಾದಲ್ಲಿ ‘ಮಿಸ್ಟರ್ ಟೋಡ್’ ಎಂಬ ಕಪ್ಪೆರಾಯನ ಬಂಡಿಯಾಟ ಮೊದಲ ದಿನದಿಂದ ಇತ್ತು. ಅದನ್ನು ತೆಗೆಯುತ್ತಾರೆಂಬ ಸುದ್ದಿ 1997ರಲ್ಲಿ ಹಬ್ಬಿದೊಡನೆ ಅಭಿಮಾನಿಗಳು ಹಸಿರು ಅಂಗಿ ತೊಟ್ಟು, ಹಣ ಕೊಟ್ಟು ಟಿಕೆಟ್ ಪಡೆದು ಒಳಗೆ ಹೋಗಿ ಪ್ರತಿಭಟಿಸಿದರು. ಯಾರ ವಿರುದ್ಧ ಪ್ರತಿಭಟನೆಯೋ ಅವರ ಗಲ್ಲಾಪೆಟ್ಟಿಗೆಗೇ ಕಾಣಿಕೆ! 1998ರ ಸೆಪ್ಟೆಂಬರಿನಲ್ಲಿ ಆಟ ನಿಂತಿತು. ಮರುವರ್ಷ ಅಲ್ಲೇ ಪೂ ಎಂಬ ಕರಡಿಯ ಆಟ ಬಂತು. ಆದರೆ ಅದನ್ನು ಕಟ್ಟಿದವರೂ ಹಳೆಯ ಆಟದ ಅಭಿಮಾನಿಗಳೇ ಇರಬೇಕು. ಒಳಗೆ ಒಂದು ಗೋಡೆಯ ಮೇಲೆ ಕಪ್ಪೆರಾಯ ಮನೆಯ ಪತ್ರವನ್ನು ಗೂಬೆಯ ಕೈಗೆ ಒಪ್ಪಿಸುತ್ತಿರುವ ಚಿತ್ರ ತೂಗುಹಾಕಿದರು. ಗದ್ದುಗೆ ಬಿಟ್ಟುಕೊಟ್ಟದ್ದಕ್ಕೆ ದಸ್ತಾವೇಜು.

ಇದಕ್ಕಿಂತ ಮೈಲಾಪುರಕ್ಕೆ ಹತ್ತಿರದ ಪ್ರಸಂಗ ಇನ್ನೊಂದಿದೆ. 1989ರಲ್ಲಿ ಡಿಸ್ನಿಲ್ಯಾಂಡಿನಲ್ಲಿ ಶುರುವಾದ ‘ಸ್ಪ್ಲ್ಯಾಶ್ ಮೌಂಟನ್’ ನೀರಾಟದಲ್ಲಿ ಮರದ ದಿಮ್ಮಿಯಂಥ ದೋಣಿ ಕೃತಕ ಗುಡ್ಡದೊಳಗೆ ಸುತ್ತಿ, ಕೊನೆಗೆ ಸುಮಾರು 50 ಅಡಿ ಎತ್ತರದಿಂದ ನೀರಿಗೆ ಧುಮುಕುತ್ತದೆ. ಗುಡ್ಡದೊಳಗಿನ ಗೊಂಬೆಗಳು ಹೇಳುತ್ತಿದ್ದುದು 1946ರ ಒಂದು ಚಿತ್ರದ ಕತೆ. ಗುಲಾಮಗಿರಿ ಮುಗಿದ ಕಾಲದ ಕಪ್ಪುಜನರ ಬದುಕನ್ನು ಹಸನಾಗಿತ್ತೆಂಬಂತೆ ತೋರಿಸುವ ಆ ಚಿತ್ರಕ್ಕೆ ಬಂದಾಗಿನಿಂದಲೂ ಆಕ್ಷೇಪಣೆ. 1986ರ ನಂತರ ಡಿಸ್ನಿ ಕಂಪನಿಯೇ ಅದನ್ನು ಅಮೆರಿಕದ ಚಿತ್ರಮಂದಿರಗಳಲ್ಲಿ ತೋರಿಸಿಲ್ಲ. 2020ರ ಜೂನಿನಲ್ಲಿ, ವರ್ಣಭೇದದ ವಿರುದ್ಧ ಆ ದೇಶ ಬೀದಿಗಿಳಿದಿದ್ದಾಗ, ಆಟದ ಕತೆ ಬದಲಿಸುವುದಾಗಿ ಕಂಪನಿ ಪ್ರಕಟಿಸಿತು. ಡಿಸ್ನಿಯ ಮೊದಲ ಕಪ್ಪು ರಾಜಕುಮಾರಿ ಟಿಯಾನಾ ಹೊಸ ನಾಯಕಿ.

ಅಭಿಮಾನಿಗಳು ಎರಡು ಪಾಲಾದರು. ತಮ್ಮ ಬಾಲ್ಯಕ್ಕೆ ಕೈಹಾಕಿದರೆಂದು ಒಂದು ಪಾಲು ಸಹಿ ಸಂಗ್ರಹಕ್ಕೆ ಹೊರಟಿತು. ಆ ಗೊಂಬೆಗಳ ಮುಂದೆ ತಮ್ಮ ಮಕ್ಕಳನ್ನು ಕೂರಿಸಲು ಹಿಂಜರಿಯುತ್ತಿದ್ದವರು ಸದ್ಯ ಆಯಿತಲ್ಲ ಎಂದರು. ಮೊದಲ ಪಾಲಿನವರಲ್ಲಿ ಬಹುತೇಕರಿಗೆ ಆ ಹಳೆಯ ಚಿತ್ರ ಗೊತ್ತೇ ಇರಲಿಲ್ಲ. ಅವರಿಗೆ ಬೇಕಾದದ್ದು ದೋಣಿ, ಹಾಡು, ಕೊನೆಯ ಧುಮುಕು. 2023ರ ಜನವರಿಯಲ್ಲಿ ಫ್ಲಾರಿಡಾದ ಆಟ ನಿಂತಾಗ ಅದರ ನೀರನ್ನು ಬಾಟಲಿಗಳಲ್ಲಿ ತುಂಬಿ ಮಾರಿದವರಿದ್ದರು. ಭಂಡಾರವನ್ನು ಸೆರಗಿಗೆ ಕಟ್ಟಿಕೊಂಡು ಊರಿಗೆ ಹೋಗುವವರಿಗೆ ಇದರಲ್ಲಿ ವಿಚಿತ್ರವೇನೂ ಕಾಣಲಾರದು. 2024ರ ಜೂನಿನಲ್ಲಿ ಹೊಸ ಆಟ ತೆರೆಯಿತು. ಗೊಂಬೆ, ಹಾಡು, ಕತೆ ಎಲ್ಲ ಬೇರೆ. ಕಾಲುವೆ ಮಾತ್ರ ಹಳೆಯದು, ಧುಮುಕೂ ಹಳೆಯದೇ. ಗೊಣಗುತ್ತಲೇ ಜನ ಸಾಲಿನಲ್ಲಿ ನಿಂತರು.

ಎಲ್ಲ ಬದಲಾವಣೆಗಳೂ ಹೀಗೆ ಅರಗುವುದಿಲ್ಲ. ಸರ್ಕಸ್ಸಿನ ಗತಿ ನೆನೆಯಬಹುದು. ಕರಡಿ, ಕೋತಿ, ಹುಲಿ, ಚಿರತೆ, ಸಿಂಹಗಳ ಪ್ರದರ್ಶನವನ್ನು ಕೇಂದ್ರ ಸರ್ಕಾರ 1998ರಲ್ಲಿ ನಿಷೇಧಿಸಿತು, 2001ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಬೋನಿನೊಳಗೆ ಕೊರಗುತ್ತಿದ್ದ ಸಿಂಹದ ಮಟ್ಟಿಗೆ ತೀರ್ಪು ನ್ಯಾಯವಾದದ್ದೇ. ಆದರೆ ಡೇರೆಯೊಳಗೆ ಕೂತ ಹುಡುಗ ಜೋಕರನ್ನೂ ತೂಗುಯ್ಯಾಲೆಯನ್ನೂ ನೋಡುತ್ತ ಕಾಯುತ್ತಿದ್ದುದು ಸಿಂಹದ ಗರ್ಜನೆಗೆ. ಅದು ಹೋದ ಮೇಲೆ ಕಾಯಲು ಏನೂ ಉಳಿಯಲಿಲ್ಲ. ಡೇರೆಗಳು ಒಂದೊಂದಾಗಿ ಮಡಚಿಕೊಂಡವು, ಸರ್ಕಸ್ಸಿನವರ ಅನ್ನವೂ ಹೋಯಿತು.

ಮೈಲಾಪುರ ಉಳಿದುಕೊಂಡ ಗುಟ್ಟು ಇಲ್ಲಿದೆ. ಕುರಿಮರಿಯ ಹಾರಾಟ ಕಣ್ಣಿಗೆ ದೊಡ್ಡದಾಗಿ ಕಂಡರೂ ಜಾತ್ರೆಯ ಜನ ಕಾಯುವುದು ಅದಕ್ಕಲ್ಲ, ಸರಪಳಿಗೆ. ಗಂಗಾಸ್ನಾನ ಮುಗಿಸಿ ಪಲ್ಲಕ್ಕಿ ಮರಳಿದ ಮೇಲೆ ಕಬ್ಬಿಣದ ಸರಪಳಿ ಹರಿಯುವುದೇ ಜಾತ್ರೆಯ ಕೊನೆ. ಹೂವಿನಹಡಗಲಿ ಕಡೆಯ ಮೈಲಾರದಲ್ಲೂ ರಾಣೆಬೆನ್ನೂರು ಕಡೆಯ ದೇವರಗುಡ್ಡದಲ್ಲೂ ಮೈಲಾರ ಭಕ್ತರಲ್ಲಿ ಈ ಪವಾಡ ಉಂಟು. ಕೊಂಡಿ ಕಳಚಿದ ಸದ್ದು ಕೇಳಿದ ಮೇಲೆಯೇ ಜನ ಬಸ್ಸಿನತ್ತ ತಿರುಗುವುದು. ಆ ಸದ್ದನ್ನು ಯಾರೂ ಮುಟ್ಟಲಿಲ್ಲ. ಕುರಿಮರಿಯ ಜೊತೆಗೆ ಸರಪಳಿಯನ್ನೂ ಯಾರಾದರೂ ಮೌಢ್ಯವೆಂದು ತಡೆದಿದ್ದರೆ ತಪಾಸಣಾ ಠಾಣೆಗಳು ಸಾಲುತ್ತಿರಲಿಲ್ಲ.

ಇದೇ ಲೆಕ್ಕವನ್ನು ನೆರೆಯ ತಾಲ್ಲೂಕುಗಳಿಗೆ ಹಚ್ಚಿದರೆ ಬೇರೆ ಬೇರೆ ಉತ್ತರ ಬರುತ್ತದೆ. ಶಹಾಪುರದ ದಿಗ್ಗಿ ಸಂಗಮೇಶ್ವರ, ಭೀಮರಾಯನಗುಡಿಯ ಬಲಭೀಮೇಶ್ವರ ಪಲ್ಲಕ್ಕಿಗಳು ಅದೇ ಸಂಕ್ರಾಂತಿಗೆ ಭೀಮಾ ನದಿಗೆ ಹೋಗುತ್ತವೆ. ಅಲ್ಲಿ ಜನರ ಪ್ರೀತಿ ನಡಿಗೆಯ ಮೇಲೆ. ದಾರಿಯ ದೀಪ ಬದಲಾದರೂ ವಾದ್ಯ ಬದಲಾದರೂ ನಡೆದೀತು, ಪಲ್ಲಕ್ಕಿಯನ್ನು ವಾಹನಕ್ಕೇರಿಸಿದರೆ ಮಾತ್ರ ನಡೆಯದು. ಸುರಪುರದ ವೇಣುಗೋಪಾಲಸ್ವಾಮಿ ಜಾತ್ರೆಯ ಸಂಗತಿ ಇನ್ನೂ ಸೂಕ್ಷ್ಮ. ಹಾಲೋಕುಳಿಯ ದಿನ ಅಲ್ಲಿ ಜಾರುವ ಎತ್ತರದ ಕಂಬಗಳನ್ನು ಹುಡುಗರು ಏರುತ್ತಾರೆ. ನೀರು ಸುರಿಯುತ್ತದೆ, ಏರಿದವರು ಜಾರುತ್ತಾರೆ, ಮತ್ತೆ ಏರುತ್ತಾರೆ. ಕೆಳಗೆ ನಿಂತವರ ಉಸಿರು ಕಂಬದ ತುದಿಯಲ್ಲಿರುತ್ತದೆ. ನಾಳೆ ಯಾರಾದರೂ ಸುರಕ್ಷೆಯ ಹೆಸರಿನಲ್ಲಿ ಹಗ್ಗ ಕಟ್ಟಿ ಏರಿಸಿದರೆ ಹುಡುಗರ ತಾಯಂದಿರಿಗೆ ನೆಮ್ಮದಿ. ನೋಡಲು ಬಂದವರು ಏನೆನ್ನುತ್ತಾರೆಂಬುದನ್ನು ಸುರಪುರದವರೇ ಹೇಳಬೇಕು. ಅಲ್ಲಿ ಅಪಾಯವೂ ತುದಿಯಲ್ಲೇ, ನೋಟವೂ ತುದಿಯಲ್ಲೇ. ಮೈಲಾಪುರದಂತೆ ಒಂದನ್ನು ತೆಗೆದು ಇನ್ನೊಂದನ್ನು ಉಳಿಸಿಕೊಳ್ಳುವ ಅನುಕೂಲ ಅಲ್ಲಿಲ್ಲ.

ಮೈಲಾಪುರದ ದಾರಿಯಲ್ಲಿ ಗಾಡಿಗಳ ತಪಾಸಣೆ ಈಗ ಸಂಕ್ರಾಂತಿಯ ಒಂದು ಆಚರಣೆಯೇ ಆಗಿದೆ. ಪೊಲೀಸರು ಕಂಬಳಿ ಬಿಚ್ಚಿ ನೋಡುತ್ತಾರೆ. ಮರಿ ಇಲ್ಲದಿದ್ದರೆ ಗಾಡಿ ಮುಂದಕ್ಕೆ ಹೋಗುತ್ತದೆ. ಕಂಬಳಿಯ ಮೂಲೆಯಲ್ಲಿ ಗಂಟು ಕಟ್ಟಿದ ಹಿಡಿ ಉಣ್ಣೆಯನ್ನು ಯಾರೂ ಕೇಳುವುದಿಲ್ಲ.