ಮಲ್ಪೆಯ ಮೀನುಪೇಟೆಯಲ್ಲಿ ಒಂದು ಮುಂಜಾವು

ಗದಗ-ಬೆಟಗೇರಿಯ ಕಡೆಯವರಾದ ನಮಗೆ ಸಮುದ್ರವೆಂದರೆ ಭೂಪಟದಲ್ಲಿಯ ನೀಲಿ ಬಣ್ಣ. ಮುಂಡರಗಿ ತಾಲೂಕಿನ ಕೊರ್ಲಹಳ್ಳಿಯ ಹತ್ತಿರ ತುಂಗಭದ್ರೆಯಲ್ಲಿ ಹರಿಗೋಲು ಹಾಕಿ ಮೀನು ಹಿಡಿಯುವವರನ್ನು ನಮ್ಮಲ್ಲಿ ಕೆಲವರು ಕಂಡಿರಬಹುದು. ಉಳಿದಂತೆ ನಾವು ಶಿರಹಟ್ಟಿ, ಲಕ್ಷ್ಮೇಶ್ವರಗಳ ಸಂತೆಯಲ್ಲಿ ಜೋಳ, ಶೇಂಗಾ, ಮೆಣಸಿನಕಾಯಿಗಳ ರಾಶಿಗಳ ನಡುವೆ ಬೆಳೆದವರು. ಇಂಥವನೊಬ್ಬನು ಮೀನುಪೇಟೆಯನ್ನು ಕುರಿತು ಬರೆಯಹೊರಟರೆ ಓದುಗರು ನಕ್ಕಾರು. ನಮ್ಮ ಮನೆಯಲ್ಲಿ ಮೀನು ತಿನ್ನುವ ರೂಢಿಯೂ ಇಲ್ಲ. ಆದರೂ ಕಳೆದ ಡಿಸೆಂಬರಿನಲ್ಲಿ ಕಾಲೇಜಿನ ಪ್ರವಾಸದಲ್ಲಿ ಉಡುಪಿಗೆ ಹೋದಾಗ, ಬಹುದಿನಗಳಿಂದ ನನ್ನನ್ನು ಕಾಡುತ್ತಿದ್ದ ಒಂದು ಪ್ರಶ್ನೆಗೆ ಅರ್ಧ ಉತ್ತರ ನನಗೆ ದೊರೆತದ್ದು ಮೀನುಪೇಟೆಯಲ್ಲಿಯೇ. ಬೆಳೆದವನು, ಹಿಡಿದವನು ತನ್ನ ಸರಕಿಗೆ ತಾನೇ ಬೆಲೆ ಹೇಳಲಾರನೇಕೆ ಎಂಬುದೇ ಆ ಪ್ರಶ್ನೆ.

ಹಿಂದಿನ ರಾತ್ರಿ ಊಟದ ಹೊತ್ತಿನಲ್ಲಿ ನಮ್ಮ ಅರ್ಥಶಾಸ್ತ್ರದ ಗುರುಗಳು, “ನಾಳೆ ಬೆಳಗಿನ ಐದು ಗಂಟೆಗೆ ನನ್ನ ಒಂದು ಪಾಠವಿದೆ. ಹಾಜರಿ ಕರೆಯುವುದಿಲ್ಲ, ಬರುವವರು ಬರಬಹುದು” ಎಂದರು. ನಲವತ್ತು ಜನರಲ್ಲಿ ಎದ್ದು ಹೊರಟವರು ಒಂಬತ್ತು ಮಂದಿ.

ಮಲ್ಪೆಯು ಉಡುಪಿಯಿಂದ ಬಹು ದೂರವೇನಲ್ಲ. ನಮ್ಮ ರಾಜ್ಯದ ದೊಡ್ಡ ಮೀನುಗಾರಿಕೆ ಬಂದರುಗಳಲ್ಲಿ ಅದೊಂದು. ಅಲ್ಲಿಯ ಜನ ಅದನ್ನು ‘ದಕ್ಕೆ’ ಎನ್ನುತ್ತಾರೆ. ನಾವು ಮುಟ್ಟಿದಾಗ ಇನ್ನೂ ಕತ್ತಲು. ಆದರೆ ದಕ್ಕೆಯ ಮೇಲೆ ದೀಪಗಳ ಬೆಳಕು ಹಗಲಿನಂತೆ ಹರಡಿತ್ತು. ದೋಣಿಗಳು ಒಂದರ ಪಕ್ಕಕ್ಕೊಂದು ಎಷ್ಟು ಒತ್ತಾಗಿ ನಿಂತಿದ್ದವೆಂದರೆ ನಡುವೆ ನೀರೇ ಕಾಣುತ್ತಿರಲಿಲ್ಲ. ಕೆಲವು ಒಂದೇ ದಿನದ ಬೇಟೆ ಮುಗಿಸಿ ಬಂದವು, ಕೆಲವು ವಾರಗಟ್ಟಲೆ ಆಳ ಸಮುದ್ರದಲ್ಲಿದ್ದು ಬಂದವು. ದೋಣಿಯ ಹೊಟ್ಟೆಯಿಂದ ಬುಟ್ಟಿಗಳು ಕೈಯಿಂದ ಕೈಗೆ ದಾಟಿ ಮೇಲೆ ಬರುತ್ತಿದ್ದವು. ನೆಲದ ಮೇಲೆ ಜಾತಿ ಜಾತಿಯಾಗಿ ರಾಶಿ ಬೀಳುತ್ತಿತ್ತು. ಬಂಗುಡೆ, ಬೂತಾಯಿ, ಅಂಜಲ್, ಮಾಂಜಿ, ಸಿಗಡಿ, ಇನ್ನೂ ಹೆಸರು ತಿಳಿಯದ ಎಷ್ಟೋ. ನಸುಗೆಂಪು ಬಣ್ಣದ ಒಂದು ಮೀನನ್ನು ತೋರಿಸಿ ಅದು ರಾಣಿಮೀನೆಂದು ಯಾರೋ ಹೇಳಿದರು. ಅದರ ಮಾಂಸವನ್ನು ಅರೆದು ಮಾಡಿದ ಹಿಟ್ಟಿನಂಥ ಪದಾರ್ಥಕ್ಕೆ ಜಪಾನಿನಲ್ಲಿ ಬೇಡಿಕೆಯುಂಟು. ಅಲ್ಲಿ ಅದಕ್ಕೆ ‘ಸುರಿಮಿ’ ಎಂದು ಹೆಸರು.

ನಾವು ಬೆಪ್ಪಾಗಿ ದಾರಿಯಲ್ಲಿಯೇ ನಿಂತಿದ್ದೆವು. ತಲೆಯ ಮೇಲೆ ಮಂಜುಗಡ್ಡೆಯ ಬುಟ್ಟಿ ಹೊತ್ತ ಒಬ್ಬ ಕೂಲಿಯವನು ನಮ್ಮ ಮಾತು ಕೇಳಿ ಥಟ್ಟನೆ ನಿಂತು, “ನೀವೂ ನಮ್ಮ ಕಡೇವ್ರೇನ್ರೀ?” ಎಂದನು. ಅವನು ಮುಂಡರಗಿಯ ಸುತ್ತಿನ ಹಳ್ಳಿಯವನು! ಮಳೆ ಕೈಕೊಟ್ಟ ವರ್ಷ ಬಂದವನು ಇಲ್ಲಿಯೇ ದುಡಿಯುತ್ತಿದ್ದನು. “ಊರಾಗ ಇದ್ದಾಗ ಪ್ಯಾಟ್ಯಾಗ ಉಳ್ಳಾಗಡ್ಡಿ ಸುರೀತಿದ್ವಿ, ಈಗ ಇಲ್ಲಿ ಮೀನ ಸುರೀತೀವಿ. ಎರಡೂ ಒಂದ ಜಾತಿ ನೋಡ್ರಿ, ಹೊತ್ತ ಹೋತಂದ್ರ ಹೋತು” ಎಂದು ನಕ್ಕು ಮುಂದೆ ನಡೆದನು. ಗುರುಗಳು ನಮ್ಮ ಕಡೆ ತಿರುಗಿ, “ಪಾಠ ಮುಗಿಯಿತು. ಇನ್ನು ಉದಾಹರಣೆಗಳನ್ನು ನೋಡಿರಿ” ಎಂದರು.

ಒಂದು ರಾಶಿಯ ಸುತ್ತ ಜನ ಕೂಡಿತು. ಹರಾಜು ಕೂಗುವವನು ರಾಶಿಯ ಪಕ್ಕದಲ್ಲಿ ನಿಂತು ಒಂದು ಬೆಲೆಯನ್ನು ಕೂಗಿದನು. ಮಾತು ತುಳುವಿನಲ್ಲಿದ್ದುದರಿಂದ ನಮಗೆ ತಿಳಿಯಲಿಲ್ಲ, ಆದರೆ ಅಂಕೆ ಏರುತ್ತಿರುವುದು ಅವನ ದನಿಯಿಂದಲೇ ತಿಳಿಯುತ್ತಿತ್ತು. ಒಬ್ಬರು ತಲೆಯಾಡಿಸಿದರು, ಇನ್ನೊಬ್ಬರು ಬೆರಳೆತ್ತಿದರು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದ ಹೆಂಗಸೊಬ್ಬಳು ಗಟ್ಟಿಯಾಗಿ ಒಂದು ಮಾತು ಹೇಳಿದಳು. ಅಷ್ಟೆ, ರಾಶಿ ಅವಳದಾಯಿತು. ಒಂದು ನಿಮಿಷವೂ ಹಿಡಿದಿರಲಿಕ್ಕಿಲ್ಲ. ಜನ ಮುಂದಿನ ರಾಶಿಗೆ ಸರಿಯಿತು. ದೊಡ್ಡ ಮೀನುಗಳನ್ನು ತೂಗಿ ಮಾರುವುದೂ ಉಂಟು.

ರಾಶಿ ಕೊಂಡ ಆ ತಾಯಿಯನ್ನೇ ಮಾತನಾಡಿಸಿದೆವು. ಅವರು ಮೀನುಗಳನ್ನು ಬುಟ್ಟಿಗೆ ತುಂಬುತ್ತಲೇ, “ಎಲ್ಲಿಂದ ಬಂದದ್ದು ಮಕ್ಕಳೇ ನೀವು? ಮೀನು ನೋಡ್ಲಿಕ್ಕೆ ಅಷ್ಟು ದೂರದಿಂದ ಬಂದದ್ದಾ?” ಎಂದು ಕೇಳಿದರು. ಇಷ್ಟು ಬೇಗ ಬೆಲೆಯನ್ನು ಹೇಗೆ ನಿರ್ಧರಿಸುತ್ತೀರಮ್ಮಾ ಎಂದು ಕೇಳಿದ್ದಕ್ಕೆ ಒಂದು ಬಂಗುಡೆಯನ್ನು ಎತ್ತಿ ತೋರಿಸಿದರು. ಕಣ್ಣು ಉಬ್ಬಿ ತಿಳಿಯಾಗಿರಬೇಕು, ಕಿವಿರು ಕೆಂಪಾಗಿರಬೇಕು, ಬೆರಳಿನಿಂದ ಒತ್ತಿದರೆ ಮಾಂಸ ಮತ್ತೆ ಮೇಲಕ್ಕೆ ಬರಬೇಕು. “ಈಗ ಇದಕ್ಕೆ ಒಂದು ರೇಟು. ಬಿಸಿಲು ಬಂದ ಮೇಲೆ ಬೇರೆ. ಮಧ್ಯಾಹ್ನ ಕೇಳುವವರಿಲ್ಲ. ನಾನು ಹಳ್ಳಿಗೆ ಹೋಗಿ ಮಾರಿ ಮುಗಿಸ್ಬೇಕಲ್ಲ?” ಎಂದರು. ಅವರು ಮಾತನಾಡುತ್ತಿದ್ದದ್ದು ನಮ್ಮೊಡನೆ. ಕಣ್ಣು ಮಾತ್ರ ಪೂರ್ವ ದಿಕ್ಕಿನ ಮೇಲಿತ್ತು.

ಮೀನು ಇಷ್ಟು ಬೇಗ ಕೆಡುವುದೇಕೆ? ಸತ್ತ ಮೇಲೆ ಅದರ ದೇಹದೊಳಗಿನ ಜೀರ್ಣರಸಗಳೇ ಅದರ ಮಾಂಸವನ್ನು ಕರಗಿಸತೊಡಗುತ್ತವೆ. ಕಿವಿರು, ಕರುಳು, ಚರ್ಮಗಳ ಮೇಲಿರುವ ಸೂಕ್ಷ್ಮಜೀವಿಗಳು ಒಳಹೊಕ್ಕು ಹೆಚ್ಚುತ್ತವೆ. ಮೀನಿನ ಮಾಂಸ ಮೃದುವಾದುದರಿಂದ ಅವುಗಳಿಗೆ ತಡೆ ಕಡಿಮೆ. ನಮಗೆ ಅಸಹ್ಯವೆನಿಸುವ ಆ ವಾಸನೆ ಹುಟ್ಟುವುದು ಈ ಕೆಲಸದಿಂದಲೇ. ಹೊಸ ಮೀನಿಗೆ ಆ ನಾತವಿರುವುದಿಲ್ಲ. ಈ ಕೆಲಸವನ್ನೆಲ್ಲ ನಿಧಾನಗೊಳಿಸುವುದು ತಂಪು. ಒಂದು ಗ್ರಾಂ ಮಂಜುಗಡ್ಡೆ ಕರಗಿ ನೀರಾಗುವಾಗ ತನ್ನ ಸುತ್ತಲಿಂದ ೮೦ ಕ್ಯಾಲೊರಿಯಷ್ಟು ಶಾಖವನ್ನು ಹೀರಿಕೊಳ್ಳುತ್ತದೆ. ಅಷ್ಟೇ ತಣ್ಣೀರು ಒಂದು ಡಿಗ್ರಿ ಬೆಚ್ಚಗಾಗಲು ಹೀರುವುದು ಒಂದೇ ಕ್ಯಾಲೊರಿ. ಆದುದರಿಂದಲೇ ಪುಡಿಮಾಡಿದ ಮಂಜುಗಡ್ಡೆಯನ್ನು ಮೀನಿನ ಪದರಪದರಕ್ಕೂ ಹಾಕುತ್ತಾರೆ. ಬರಿಯ ಗಾಳಿಗಿಟ್ಟರೆ ಒಂದು ದಿನ ಬಾಳದ ಮೀನು ಮಂಜಿನಲ್ಲಿ ಹಲವು ದಿನ ಬಾಳುತ್ತದೆ. ನೋಡಲಿಕ್ಕೆ ಅದು ಮಂಜುಗಡ್ಡೆ, ನಿಜವಾಗಿ ಮೀನುಗಾರನು ದುಡ್ಡು ಕೊಟ್ಟು ಕೊಂಡುಕೊಳ್ಳುವುದು ಕಾಲವನ್ನು.

ಇಲ್ಲಿಂದ ನನ್ನ ಮನಸ್ಸು ನಮ್ಮೂರಿಗೆ ಹೋಯಿತು. ನಾನು ಹೈಸ್ಕೂಲಿನಲ್ಲಿದ್ದಾಗ ಒಂದು ಹಿಂಗಾರಿನಲ್ಲಿ ನಮ್ಮಪ್ಪನೊಡನೆ ಉಳ್ಳಾಗಡ್ಡಿಯ ಚೀಲಗಳನ್ನು ಹೇರಿಕೊಂಡು ಒಂದು ಪೇಟೆಗೆ ಹೋಗಿದ್ದೆನು. ಅಂದು ಎಲ್ಲ ಹಳ್ಳಿಗಳಿಂದಲೂ ಮಾಲು ಬಂದಿತ್ತು. ಕೊಳ್ಳುವವರೊಬ್ಬರು ಬಂದು ಒಂದು ಗಡ್ಡೆಯನ್ನು ಒತ್ತಿ ನೋಡಿ ಏನೂ ಅನ್ನದೆ ಹೋದರು. ಇನ್ನೊಬ್ಬರೂ ಹಾಗೆಯೇ ಮಾಡಿದರು. ಮಧ್ಯಾಹ್ನ ಮೋಡ ಕವಿಯಿತು. ಮೊದಲಿನವರೇ ತಿರುಗಿ ಬಂದು ಒಂದು ಬೆಲೆ ಹೇಳಿದರು. ಅಪ್ಪ ಆಕಾಶವನ್ನು ನೋಡಿ ಹೂಂ ಅಂದರು. ಲಾರಿ ಬಾಡಿಗೆ, ಹಮಾಲಿ ಎಲ್ಲ ಮುರಿದುಕೊಂಡು ಕೈಗೆ ಬಂದ ಪಟ್ಟಿಯನ್ನು ಅವರು ನನಗೆ ತೋರಿಸದೆ ಮಡಿಚಿ ಕಿಸೆಯಲ್ಲಿಟ್ಟರು. ನನಗೆ ಅಂದು ಆ ವ್ಯಾಪಾರಿಯ ಮೇಲೆ ಸಿಟ್ಟು ಬಂದಿತ್ತು. ಮಲ್ಪೆಯಲ್ಲಿ ನಿಂತಾಗ ತಿಳಿದದ್ದೆಂದರೆ, ಅಂದು ನಮ್ಮನ್ನು ಸೋಲಿಸಿದ್ದು ವ್ಯಾಪಾರಿಗಿಂತ ಹೆಚ್ಚಾಗಿ ಮೋಡ. ಅವರು ಕಾಯಬಲ್ಲವರಾಗಿದ್ದರು, ನಾವು ಕಾಯಲಾರದವರಾಗಿದ್ದೆವು.

ಕಾಯಲಾರದವನಿಗೆ ಉಳಿದ ಒಂದೇ ರಕ್ಷಣೆಯೆಂದರೆ ಬೆಲೆಯು ಎಲ್ಲರ ಕಣ್ಣೆದುರಿನಲ್ಲಿ ಆಗುವುದು. ಈ ಮಾತಿಗೆ ಜಪಾನಿನ ಉದಾಹರಣೆ ಬಹಳ ಒಳ್ಳೆಯದು. ನಾನು ಆ ದೇಶವನ್ನು ಕಂಡವನಲ್ಲ, ಓದಿ ತಿಳಿದುದನ್ನು ಹೇಳುತ್ತೇನೆ. ೧೯೧೮ರಲ್ಲಿ ಅಲ್ಲಿ ಅಕ್ಕಿಯ ಬೆಲೆ ವಿಪರೀತ ಏರಿದಾಗ, ತೊಯಾಮಾ ಪ್ರಾಂತದ ಕಡಲತೀರದಲ್ಲಿ ಮೀನುಗಾರರ ಮನೆಯ ಹೆಂಗಸರೇ ಮೊದಲು ಎದ್ದು ನಿಂತರು. ಗಲಭೆ ದೇಶಕ್ಕೆಲ್ಲ ಹಬ್ಬಿತು. ಆಹಾರದ ಬೆಲೆ ಮುಚ್ಚಿದ ಬಾಗಿಲೊಳಗೆ ಆಗಬಾರದೆಂಬ ವಿಚಾರ ಬಲವಾಗಿ, ೧೯೨೩ರಲ್ಲಿ ಕೇಂದ್ರ ಸಗಟು ಮಾರುಕಟ್ಟೆಗಳ ಕಾಯದೆ ಹುಟ್ಟಿತು. ಅದೇ ವರ್ಷದ ಸೆಪ್ಟೆಂಬರ್ ೧ರ ಭೂಕಂಪದಲ್ಲಿ ಟೋಕಿಯೋದ ನಿಹೊಂಬಾಶಿಯಲ್ಲಿದ್ದ ಹಳೆಯ ಮೀನುಪೇಟೆ ನಾಶವಾಯಿತು. ೧೯೩೫ರಲ್ಲಿ ತ್ಸುಕಿಜಿ ಎಂಬಲ್ಲಿ ಹೊಸ ಮಾರುಕಟ್ಟೆ ತೆರೆಯಿತು. ೨೦೧೮ರ ಅಕ್ಟೋಬರಿನಲ್ಲಿ ಅದರ ಸಗಟು ವ್ಯಾಪಾರವು ತೊಯೊಸು ಎಂಬ ಸ್ಥಳಕ್ಕೆ ಹೋಯಿತು.

ಅಲ್ಲಿ ಬೆಳಗಿನ ಜಾವ ಆಳೆತ್ತರದ ಟ್ಯೂನಾ ಮೀನುಗಳನ್ನು ಸಾಲಾಗಿ ಮಲಗಿಸಿರುತ್ತಾರೆ. ಬಾಲದ ಹತ್ತಿರ ಕೊಯ್ದು ತೋರಿಸಿದ ಮಾಂಸವನ್ನು ಕೊಳ್ಳುವವರು ಕೈದೀಪ ಹಿಡಿದು ಪರೀಕ್ಷಿಸುತ್ತಾರೆ. ಗಂಟೆ ಬಾರಿಸಿ ಹರಾಜು ಆರಂಭಿಸುತ್ತಾರೆ. ಕೂಗುವವನ ಮಾತು ಮಂತ್ರದಂತೆ ಹರಿಯುತ್ತದೆ, ಕೊಳ್ಳುವವರು ಕೈಯೆತ್ತಿ ಬೆರಳುಗಳಿಂದಲೇ ಬೆಲೆ ಹೇಳುತ್ತಾರೆ. ಪರವಾನಿಗೆಯುಳ್ಳವರಿಗೆ ಮಾತ್ರ ಹರಾಜಿನಲ್ಲಿ ಸೇರಲು ಅವಕಾಶ. ೨೦೧೯ರ ವರ್ಷದ ಮೊದಲ ಹರಾಜಿನಲ್ಲಿ ೨೭೮ ಕಿಲೋ ತೂಕದ ಒಂದೇ ಮೀನು ೩೩ ಕೋಟಿ ೩೬ ಲಕ್ಷ ಯೆನ್‌ಗಳಿಗೆ ಹೋಯಿತು! ಇದು ಹಬ್ಬದ ದಿನದ ಪ್ರತಿಷ್ಠೆಯ ಬೆಲೆ, ನಿತ್ಯದ್ದಲ್ಲ. ನೋಡಲು ಬರುವ ಪ್ರವಾಸಿಗರ ಗದ್ದಲ ತ್ಸುಕಿಜಿಯಲ್ಲಿ ಅತಿಯಾದಾಗ ಅವರನ್ನು ಕೆಲಕಾಲ ತಡೆದದ್ದೂ ಉಂಟು. ತೊಯೊಸುವಿನಲ್ಲಿ ಅವರಿಗೆಂದೇ ಪ್ರತ್ಯೇಕ ವೀಕ್ಷಣಾ ಸ್ಥಳವನ್ನು ಕಟ್ಟಿದ್ದಾರೆ. ಇದನ್ನು ಓದಿದಾಗ, ಮಲ್ಪೆಯಲ್ಲಿ ದಾರಿಗಡ್ಡವಾಗಿ ನಿಂತಿದ್ದ ನಮ್ಮ ನೆನಪಾಗಿ ನಾಚಿಕೆಯಾಯಿತು.

ಬೆರಳಿನ ಭಾಷೆ ನಮ್ಮಲ್ಲಿಯೂ ಇಲ್ಲವೆ? ಉಂಟು. ದನದ ಸಂತೆಗೆ ಹೋದವರೆಲ್ಲರೂ ನೋಡಿದ್ದಾರೆ. ದಲಾಲಿಯು ಟವೆಲ್ಲಿನ ಮರೆಯಲ್ಲಿ ಕೊಳ್ಳುವವನ ಬೆರಳು ಹಿಡಿದು ಬೆಲೆ ಕುದುರಿಸುತ್ತಾನೆ. ಪಕ್ಕದಲ್ಲಿ ಎತ್ತಿನ ಹಗ್ಗ ಹಿಡಿದು ನಿಂತ ಒಡೆಯನಿಗೇ ಆ ಬೆರಳುಗಳು ಕಾಣುವುದಿಲ್ಲ. ಬೆರಳುಗಳು ಅವೇ, ಒಂದು ಕಡೆ ಗಾಳಿಯಲ್ಲಿವೆ, ಒಂದು ಕಡೆ ಬಟ್ಟೆಯ ಕೆಳಗಿವೆ. ಒಂದು ಪೇಟೆ ನ್ಯಾಯವಾದದ್ದೋ ಅಲ್ಲವೋ ಎಂಬುದನ್ನು ಈ ಒಂದು ಟವೆಲ್ಲೇ ಹೇಳುತ್ತದೆ. ನಮ್ಮಲ್ಲಿಯೂ ಅದನ್ನು ತೆಗೆಯುವ ಪ್ರಯತ್ನಗಳು ನಡೆದಿವೆ. ೧೯೨೮ರ ರಾಯಲ್ ಕೃಷಿ ಆಯೋಗವು ನಿಯಂತ್ರಿತ ಪೇಟೆಗಳು ಬೇಕೆಂದು ಹೇಳಿತು. ಗದಗು ಮುಂಬಯಿ ಪ್ರಾಂತದಲ್ಲಿದ್ದ ಕಾಲಕ್ಕೆ, ೧೯೩೯ರಲ್ಲಿ, ಆ ಪ್ರಾಂತದ ಕಾಯದೆ ಬಂದಿತು. ಏಕೀಕರಣದ ನಂತರ ೧೯೬೬ರಲ್ಲಿ ನಮ್ಮ ರಾಜ್ಯದ ಕಾಯದೆಯಾಯಿತು. ೨೦೧೪ರಿಂದ ಗಣಕಯಂತ್ರದ ಮೂಲಕ ದೂರದ ವ್ಯಾಪಾರಿಗಳೂ ಬೆಲೆ ಕೂಗುವ ಏರ್ಪಾಡು ನಮ್ಮ ರಾಜ್ಯದಲ್ಲಿ ಮೊದಲಾಯಿತು.

ಆದರೆ ಬಹಿರಂಗವಾದ ಕೂಗೊಂದೇ ಸಾಲದು. ಮೀನಿನ ವ್ಯಾಪಾರದಲ್ಲಿಯೂ, ಉಳ್ಳಾಗಡ್ಡಿಯ ವ್ಯಾಪಾರದಲ್ಲಿಯೂ ಮುಂಗಡವೆಂಬ ಒಂದು ಗಂಟುಂಟು. ಬಲೆಗೋ ಎಂಜಿನ್ನಿಗೋ ಬೀಜಗೊಬ್ಬರಕ್ಕೋ ಮೊದಲೇ ಹಣ ಕೊಟ್ಟವನ ಅಂಗಡಿಗೇ ಮಾಲು ಹೋಗಬೇಕಾಗುತ್ತದೆ. ಅಂಥವನಿಗೆ ಹರಾಜಿನ ಕೂಗು ಕೇಳಿಸಿದರೂ ಅದು ಅವನಿಗಾಗಿ ಕೂಗಿದ್ದಲ್ಲ. ಮೇಲೆ ಮೀನುಗಾರನ ಕಷ್ಟ ಬೇರೆ. ನಮ್ಮ ಕರಾವಳಿಯಲ್ಲಿ ಜೂನ್ ೧ರಿಂದ ಜುಲೈ ೩೧ರ ವರೆಗೆ ೬೧ ದಿನ ಯಂತ್ರದ ದೋಣಿಗಳು ಕಡಲಿಗಿಳಿಯುವಂತಿಲ್ಲ. ಮೀನುಗಳು ಮರಿಮಾಡಿ ಹೆಚ್ಚಲೆಂದು ಈ ನಿಯಮ. ಉಳಿದ ದಿನಗಳಲ್ಲಿಯೂ ಹೋದವರು ಬಂದೇ ಬರುವರೆಂಬ ಭರವಸೆಯಿಲ್ಲ. ೨೦೧೮ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ಎಂಬ ದೋಣಿ ಏಳು ಜನರೊಡನೆ ಕಾಣೆಯಾಯಿತು. ಅದರ ಅವಶೇಷ ಮಹಾರಾಷ್ಟ್ರದ ಮಾಲವಣದ ಆಚೆ ಸಮುದ್ರದಲ್ಲಿ ಪತ್ತೆಯಾದದ್ದು ೨೦೧೯ರ ಮೇ ತಿಂಗಳಲ್ಲಿ. ದಕ್ಕೆಯ ಮೇಲೆ ಒಂದು ನಿಮಿಷದಲ್ಲಿ ಮಾರಿಹೋಗುವ ರಾಶಿಯ ಹಿಂದೆ ಇಷ್ಟೆಲ್ಲ ಇದೆ.

ಹಾಗಾದರೆ ಉಪಾಯವೇನು? ಮೀನುಗಾರನಿಗೆ ಮಂಜುಗಡ್ಡೆ ಹೇಗೋ, ಒಕ್ಕಲಿಗನಿಗೆ ಗಾಳಿಯಾಡುವ ಉಗ್ರಾಣವೂ ಹಂಗಿಲ್ಲದ ಸಾಲವೂ ಹಾಗೆ. ಎರಡೂ ಕಾಯುವ ಶಕ್ತಿಯನ್ನು ಕೊಡುತ್ತವೆ. ಮುಂಗಾರಿನ ಉಳ್ಳಾಗಡ್ಡಿ ಬಹುಕಾಲ ಬಾಳುವುದಿಲ್ಲವೆಂಬುದು ನಿಜ. ಆದರೆ ಮೋಡ ಸರಿಯುವ ವರೆಗೆ ಕಾಯಲು ಬೇಕಾಗುವುದು ಕೆಲವೇ ದಿನ. ಇದನ್ನು ಕಲಿಯಲು ನಾವು ಜಪಾನಿಗೆ ಹೋಗಬೇಕಾಗಿಲ್ಲ. ನಮ್ಮ ಗದಗ ತಾಲೂಕಿನ ಕಣಗಿನಹಾಳದಲ್ಲಿ ೧೯೦೫ರಲ್ಲಿಯೇ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಹಳ್ಳಿಯವರನ್ನು ಕೂಡಿಸಿ ಸಹಕಾರಿ ಸಂಘವನ್ನು ಕಟ್ಟಿದರು. ಅವಸರದಲ್ಲಿ ಸಿಕ್ಕವನು ಸಾಲ ಕೊಟ್ಟವನ ಕೈಸೆರೆಯಾಗುತ್ತಾನೆ ಎಂಬುದನ್ನು ಅರಿತ ಜನರಿಗೆ ಇಂಥ ಸಂಘದ ಬೆಲೆ ತಿಳಿದಿರಬೇಕು.

ಏಳು ಗಂಟೆಯ ಹೊತ್ತಿಗೆ ಬಿಸಿಲು ದಕ್ಕೆಯ ಮೇಲೆ ಬಿದ್ದಿತು. ಬಂಗುಡೆ ಕೊಂಡ ತಾಯಿ ಬುಟ್ಟಿಯನ್ನು ರಿಕ್ಷಾದಲ್ಲಿಟ್ಟು ನಮ್ಮ ಕಡೆ ಕೈ ಬೀಸಿ ಹೊರಟುಹೋದರು. ಮುಂಡರಗಿಯ ಗೆಳೆಯನು ಬರಿದಾದ ನೆಲಕ್ಕೆ ನೀರು ಹೊಡೆಯುತ್ತಿದ್ದನು. ಊರಿಗೆ ಬಂದ ಮೇಲೆ ಒಂದು ದಿನ ಅಪ್ಪನಿಗೆ ಈ ಸಂಗತಿಯನ್ನೆಲ್ಲ ಹೇಳಿದೆನು. ಸುಮ್ಮನೆ ಕೇಳಿ, “ಅವ್ರಿಗೆ ಬರ್ಫ ಐತಿ. ನಮಗ?” ಎಂದರು. ನಮ್ಮ ಕಾಲೇಜಿನಲ್ಲಿ ಓದುವ ಬಹುಮಂದಿ ಇಂಥ ಅಪ್ಪಂದಿರ ಮಕ್ಕಳೇ. ಉತ್ತರವನ್ನು ನಾವಲ್ಲದೆ ಇನ್ನಾರು ಹುಡುಕಬೇಕು?