‘ಕಾಂಟ್ಯಾಕ್ಟ್’ ಎಂಬ ಕಾದಂಬರಿಯೂ ಅದರ ಓದುಗರ ಭಿನ್ನಾಭಿಪ್ರಾಯಗಳೂ



ಅನ್ಯಲೋಕದ ಜೀವಿಗಳನ್ನು ಕುರಿತ ಕಥೆಗಳನ್ನು ಹೆಣ್ಣುಮಕ್ಕಳ ಕೈಗೆ ಕೊಡುವುದು ಉಚಿತವೋ ಎಂಬದಾಗಿ ಕೆಲವು ತಾಯಿತಂದೆಗಳು ನಮ್ಮನ್ನು ಕೇಳುವುದುಂಟು. ಎಲ್ಲಾ ಕಥೆಗಳಿಗೂ ಸಲ್ಲುವ ಒಂದೇ ಉತ್ತರವನ್ನು ಹೇಳುವುದು ಕಷ್ಟ. ಆದಕಾರಣ ಓದುಗರಲ್ಲಿ ಬಹಳ ಚರ್ಚೆಯನ್ನು ಹುಟ್ಟಿಸಿರುವ ಒಂದು ಗ್ರಂಥವನ್ನು ತೆಗೆದುಕೊಂಡು, ಅದನ್ನು ಕುರಿತು ಯಾರು ಏನನ್ನು ಯಾತಕ್ಕಾಗಿ ಹೇಳುತ್ತಾರೆಂಬದನ್ನು ಇಲ್ಲಿ ವಿವರಿಸುತ್ತೇವೆ. ಅದು 1985 ರಲ್ಲಿ ಪ್ರಕಟವಾದ ‘ಕಾಂಟ್ಯಾಕ್ಟ್’ ಎಂಬ ಇಂಗ್ಲಿಷ್ ಕಾದಂಬರಿ. ಗ್ರಂಥಕರ್ತರು ಅಮೆರಿಕಾ ದೇಶದ ಖಗೋಳವಿಜ್ಞಾನಿ ಕಾರ್ಲ್ ಸೇಗನ್ (1934–1996).

ಕಥೆಯ ಸಾರಾಂಶವೇನಂದರೆ: ಎಲೀ ಆರೋವೇ ಎಂಬ ವಿದುಷಿಯು ರೇಡಿಯೋ ದೂರದರ್ಶಕಗಳ ಮೂಲಕ ಆಕಾಶವನ್ನು ಪರಿಶೀಲಿಸುವವಳು. ಈ ಯಂತ್ರಗಳು ನಕ್ಷತ್ರಗಳ ಬೆಳಕನ್ನಲ್ಲ, ಅಲ್ಲಿಂದ ಬರುವ ರೇಡಿಯೋ ತರಂಗಗಳನ್ನು ಹಿಡಿಯುತ್ತವೆ. ನಮ್ಮ ಗೌರಿಬಿದನೂರಿನ ಬಳಿಯಲ್ಲಿಯೂ ಇಂತಹ ವೀಕ್ಷಣಾಲಯವೊಂದುಂಟು. ಒಂದು ದಿನ ಅಭಿಜಿತ್ ನಕ್ಷತ್ರದ ದಿಕ್ಕಿನಿಂದ 2, 3, 5, 7 ಎಂಬ ಅವಿಭಾಜ್ಯ ಸಂಖ್ಯೆಗಳು ಕ್ರಮವಾಗಿ ಮಿಡಿಯುತ್ತಾ ಬರುತ್ತವೆ. ಹೀಗೆ ಲೆಕ್ಕ ಮಾಡುವುದು ಬುದ್ಧಿಯುಳ್ಳ ಜೀವಿಯಿಂದಲೇ ಆಗತಕ್ಕದ್ದೆಂದು ಆಕೆ ನಿಶ್ಚಯಿಸುತ್ತಾಳೆ. ಆ ಸಂದೇಶದೊಳಗೆ ಒಂದು ಯಂತ್ರವನ್ನು ಕಟ್ಟುವ ವಿವರಗಳೂ ಅಡಗಿರುತ್ತವೆ. ಯಂತ್ರವು ಸಿದ್ಧವಾದ ಮೇಲೆ ನಾನಾ ದೇಶಗಳ ಐವರು ಅದನ್ನು ಏರುತ್ತಾರೆ. ಅವರಲ್ಲಿ ದೇವಿ ಸುಖಾವತಿ ಎಂಬ ಭಾರತೀಯ ಸ್ತ್ರೀಯೂ ಒಬ್ಬಳು. ಅವರು ಬಹು ದೂರ ಹೋಗಿ, ಕಂಡು, ಕೇಳಿ, ಹಿಂದಿರುಗುತ್ತಾರೆ. ಆದರೆ ಹೊರಗೆ ನಿಂತಿದ್ದವರ ಗಡಿಯಾರದಲ್ಲಿ ಕಳೆದಿದ್ದುದು ಕೆಲವೇ ನಿಮಿಷಗಳು. ಯಂತ್ರವು ಇದ್ದ ಸ್ಥಳದಿಂದ ಕದಲಿಲ್ಲ. ತೆಗೆದಿದ್ದ ಚಿತ್ರಗಳೆಲ್ಲಾ ಅಳಿಸಿಹೋಗಿವೆ.

ಈ ಗ್ರಂಥದ ಮೇಲಣ ಮೊದಲನೆಯ ಆಕ್ಷೇಪಣೆ ಅದರ ನಡಿಗೆಯನ್ನು ಕುರಿತದ್ದು. ಸಭೆಗಳೂ ಸಂವಾದಗಳೂ ಮುಗಿಯುವುದೇ ಇಲ್ಲ, ಅನ್ಯಲೋಕದವರು ಕಾಣುವಷ್ಟರಲ್ಲಿ ಪುಸ್ತಕವು ಮುಗಿಯುತ್ತಾ ಬಂತು ಎಂದು ಅನೇಕರು ಬೇಸರಪಡುತ್ತಾರೆ. ಮತ್ತೆ ಕೆಲವರು, ನಿಜವಾಗಿಯೂ ಇಂತಹ ಸಂದೇಶವು ಬಂದರೆ ರಾಜ್ಯಗಳೂ ಪಂಡಿತರೂ ಧರ್ಮಗುರುಗಳೂ ಹೀಗೆಯೇ ವಾದಿಸುವರು, ಆದಕಾರಣ ಈ ನಿಧಾನವೇ ಪುಸ್ತಕದ ಸತ್ಯ ಎನ್ನುತ್ತಾರೆ. ಲೇಖಕರು ವಿಜ್ಞಾನದ ವಿಷಯದಲ್ಲಿ ಎಷ್ಟು ಎಚ್ಚರಿಕೆಯುಳ್ಳವರಾಗಿದ್ದರೆಂಬದಕ್ಕೆ ಒಂದು ನಿದರ್ಶನವುಂಟು. ಅಷ್ಟು ದೂರದ ಪ್ರಯಾಣವನ್ನು ಯಾವ ಮಾರ್ಗವಾಗಿ ತೋರಿಸಬಹುದೆಂದು ಅವರು ಭೌತವಿಜ್ಞಾನಿ ಕಿಪ್ ಥಾರ್ನ್ ಅವರನ್ನು ಕೇಳಿದರು. ಆ ಪ್ರಶ್ನೆಯ ಫಲವಾಗಿ ಥಾರ್ನ್ ಅವರೂ ಅವರ ಶಿಷ್ಯ ಮಾರಿಸ್ ಅವರೂ ಆಕಾಶದ ಸುರಂಗಮಾರ್ಗಗಳನ್ನು ಕುರಿತು 1988 ರಲ್ಲಿ ಒಂದು ಶಾಸ್ತ್ರೀಯ ಲೇಖನವನ್ನೇ ಪ್ರಕಟಿಸಿದರು.

ಎರಡನೆಯ ಭಿನ್ನಾಭಿಪ್ರಾಯವು ನಂಬಿಕೆಯ ಸಂಬಂಧವಾದದ್ದು. ಕಥೆಯಲ್ಲಿ ಪಾಮರ್ ಜಾಸ್ ಎಂಬ ಬೋಧಕನೊಡನೆ ಎಲೀ ವಾದಿಸುತ್ತಾ, ಸಾಕ್ಷಿಯಿಲ್ಲದೆ ಯಾವುದನ್ನೂ ಒಪ್ಪೆನೆನ್ನುತ್ತಾಳೆ. ಭಕ್ತಿಯುಳ್ಳ ಕೆಲವರಿಗೆ ಈ ಮಾತುಗಳು ನೋವನ್ನುಂಟುಮಾಡಿವೆ. ಆದರೆ ಪ್ರಯಾಣದಿಂದ ಹಿಂದಿರುಗಿದ ಮೇಲೆ ಅವಳ ಸ್ಥಿತಿ ಏನಾಯಿತು ನೋಡಿರಿ. ತಾನು ಕಂಡದ್ದನ್ನು ಕಂಡೆನೆಂದು ಹೇಳಬೇಕು. ತೋರಿಸಲು ಕೈಯಲ್ಲಿ ಏನೂ ಇಲ್ಲ. ತೋಮನಂತೆ ಮುಟ್ಟಿ ನೋಡದೆ ನಂಬೆನೆಂದವಳು, ಈಗ ಇತರರು ತನ್ನ ಮಾತನ್ನು ನಂಬಬೇಕೆಂದು ಬೇಡುವಂತಾಯಿತು. ಇದು ವಿಶ್ವಾಸಿಗಳಿಗೆ ಸಂದ ಜಯವೆಂದು ಕೆಲವರು ಹೇಳಿದರೆ, ಅವಳು ಸೋತು ಕೂರದೆ ಹೊಸ ಸಾಕ್ಷಿಯನ್ನು ಹುಡುಕಲು ಹೊರಟಳಾದ್ದರಿಂದ ಇದು ವಿಜ್ಞಾನದ ಜಯವೆಂದು ಇತರರು ಹೇಳುತ್ತಾರೆ.

ಆ ಹುಡುಕಾಟದ ಫಲವೇ ಕೊನೆಯ ಅಧ್ಯಾಯ. ವರ್ತುಲದ ಪರಿಧಿಗೂ ವ್ಯಾಸಕ್ಕೂ ಇರುವ ಪ್ರಮಾಣವಾದ ಪೈ ಸಂಖ್ಯೆಯ ಅಂಕಿಗಳಲ್ಲಿ, ಬಹು ದೂರದಲ್ಲಿ, ಸೊನ್ನೆಗಳಿಂದಲೂ ಒಂದುಗಳಿಂದಲೂ ಬರೆದ ಒಂದು ವರ್ತುಲವು ಅವಳಿಗೆ ದೊರೆಯುತ್ತದೆ; ಜಗತ್ತನ್ನು ಮಾಡಿದವನ ಹಸ್ತಾಕ್ಷರದಂತೆ ಅದು ತೋರುತ್ತದೆ. ಸಂದೇಹವಾದಿಯೆಂದು ಪ್ರಸಿದ್ಧರಾದವರು ಹೀಗೆ ಬರೆದರಲ್ಲಾ ಎಂದು ಕೆಲವರಿಗೆ ಆನಂದ. ಗಣಿತವನ್ನು ಬಲ್ಲ ಕೆಲವರಿಗೆ ಅಸಮಾಧಾನ. ಯಾಕಂದರೆ ಪೈಯ ಬೆಲೆ ಯಾರ ಇಚ್ಛೆಯಿಂದಲೂ ಬದಲಾಗತಕ್ಕದ್ದಲ್ಲ, ಅದರಲ್ಲಿ ಸಂದೇಶವನ್ನು ಅಡಗಿಸುವುದು ಹೇಗೆ ಎಂಬುದು ಅವರ ಪ್ರಶ್ನೆ. ಇದು ಕಥೆಗಾರನ ಕಲ್ಪನೆಯೇ ಹೊರತು ಗಣಿತದ ಸಂಗತಿಯಲ್ಲವೆಂದು ಬಾಲಕಿಯರಿಗೆ ತಿಳಿಸಲೇಬೇಕು.

ಪೋಷಕರು ವಿಶೇಷವಾಗಿ ಗಮನಿಸತಕ್ಕ ವಿಷಯ ಇನ್ನೊಂದುಂಟು. ಎಲೀ ತನ್ನ ಮಲತಂದೆಯನ್ನು ಬಹುಕಾಲ ಅಸಡ್ಡೆ ಮಾಡಿದವಳು. ಆತನೇ ತನ್ನ ನಿಜವಾದ ತಂದೆಯೆಂದು ತಾಯಿಯ ಪತ್ರದಿಂದ ಕೊನೆಗೆ ತಿಳಿಯುತ್ತದೆ. ಈ ಪ್ರಸಂಗವು ಎಳೆಯರಿಗೆ ತಕ್ಕದ್ದಲ್ಲವೆಂದೂ ಕಥೆಗೆ ಅನಾವಶ್ಯಕವೆಂದೂ ಹೇಳುವವರಿದ್ದಾರೆ. ನಮಗಾದರೋ ಇದು ಗ್ರಂಥದ ಅತಿ ಗಂಭೀರವಾದ ಭಾಗವೆಂದು ತೋರುತ್ತದೆ. ನಕ್ಷತ್ರಗಳ ಮಾತಿಗೆ ವರ್ಷಗಟ್ಟಲೆ ಕಿವಿಗೊಟ್ಟವಳು ಮನೆಯೊಳಗಿನ ಸತ್ಯವನ್ನು ಪರೀಕ್ಷಿಸಲಿಲ್ಲ.

1997 ರಲ್ಲಿ ಈ ಕಥೆಯು ಚಲಚ್ಚಿತ್ರವಾಯಿತು. ಅದರಲ್ಲಿ ಎಲೀ ಒಬ್ಬಳೇ ಪ್ರಯಾಣ ಮಾಡುತ್ತಾಳೆ. ಸುಖಾವತಿಗೆ ಅಲ್ಲಿ ಸ್ಥಳವಿಲ್ಲ. ಏಕಾಂಗಿಯಾದ ಸಾಕ್ಷಿಯ ಕಷ್ಟವು ಇದರಿಂದ ಹೆಚ್ಚು ಸ್ಪಷ್ಟವಾಯಿತೆಂದು ಕೆಲವರ ಮತ. ನಾನಾ ದೇಶದವರು ಕೂಡಿ ಹೋದರೆಂಬ ಮುಖ್ಯಾಂಶವು ನಷ್ಟವಾಯಿತೆಂದು ಇತರರ ಮತ.

ಹೀಗಿರಲಾಗಿ ನಮ್ಮ ಉತ್ತರವೇನು? ಮೇಲಿನ ತರಗತಿಗಳ ಬಾಲಕಿಯರು ಇದನ್ನು ಓದಲಿ. ಆದರೆ ಓದಿದವಳು “ಚೆನ್ನಾಗಿದೆ” ಎಂದರೂ “ಚೆನ್ನಾಗಿಲ್ಲ” ಎಂದರೂ ಅಲ್ಲಿಗೇ ಬಿಡಬೇಡಿರಿ. ಯಾವ ಪುಟದಲ್ಲಿ, ಯಾವ ಕಾರಣದಿಂದ ಎಂದು ಕೇಳಿರಿ. ನಿಮ್ಮ ಅಭಿಪ್ರಾಯವು ಅವಳದಕ್ಕಿಂತ ಬೇರೆಯಾಗಿದ್ದರೆ ನೀವೂ ಕಾರಣವನ್ನು ಹೇಳಿರಿ. ಸಾಕ್ಷಿಯಿಲ್ಲದ ಮಾತನ್ನು ಹೇಗೆ ಕೇಳಬೇಕು, ಯಾವಾಗ ನಂಬಬೇಕು ಎಂಬುದು ಈ ಕಥೆಯ ಪ್ರಶ್ನೆ; ಮಗಳನ್ನು ಬೆಳೆಸುವ ಮನೆಯಲ್ಲಿಯೂ ಅದು ದಿನದಿನದ ಪ್ರಶ್ನೆಯೇ. ಮಗಳು ಮನೆಗೆ ಬಂದು ತಾನು ಕಂಡದ್ದನ್ನು ಹೇಳಿದಾಗ, ತೋರಿಸಲು ಅವಳ ಕೈಯಲ್ಲಿ ಏನೂ ಇಲ್ಲದಿದ್ದರೂ, ಕೊನೆಯವರೆಗೆ ಕೇಳುವ ತಾಳ್ಮೆ ನಮ್ಮೆಲ್ಲರಿಗೂ ಇರಲಿ.